ಹತ್ತರಲ್ಲಿ ಮೂರೂವರೆ

ಮುಯ್ನಾಕಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ
ಭೂಗೋಳ ಹೇಳಿಕೊಟ್ಟವನು ನಾನು.
ಗೋಡೆಯ ನಕಾಶೆಯಲ್ಲಿ ಅರಲ್ ಸಮುದ್ರ
ಅಂಗೈಯಗಲ ನೀಲಿ.
ಕಿಟಕಿಯಾಚೆ ಮರಳು.
ಒಂದು ದಿನ ಹಿಂದಿನ ಬೆಂಚಿನ ಅಯಿತ್ಮುರಾತ್
ಎದ್ದು ನಿಂತು, ತುಂಟತನವಿಲ್ಲದೆ ಕೇಳಿದ:
"ಮೇಷ್ಟ್ರೇ, ಇಷ್ಟು ನೀರು ಕಳೆದುಕೊಂಡವರು ಯಾರು?"
ಕೋಲು ನೀಲಿಯ ಮೇಲೇ ನಿಂತಿತು.
ಅಂದು ನಿಂತ ಪಾಠ
ಮತ್ತೆ ಶುರುವಾಗಲಿಲ್ಲ.

ಎರಡು ಚಳಿಗಾಲ ಗೋಡೆಗೆ ಮುಖಮಾಡಿ ಮಲಗಿದೆ.
ಹೆಂಡತಿ ಬಿಸಿ ಚಹಾ ತಂದಿಟ್ಟು
ಆರಿದ್ದನ್ನು ಎತ್ತಿಕೊಂಡು ಹೋಗುವಳು.
ಒಮ್ಮೆಯೂ ಏಳು ಎನ್ನಲಿಲ್ಲ;
ಬೈದಿದ್ದರೆ ವಾಸಿಯಿತ್ತು.
ಐದು ಹೊತ್ತಿನ ನಮಾಜು ಮೂರಾಯಿತು, ಒಂದಾಯಿತು,
ಕೊನೆಗೆ ಬರೀ ಅಂಗೈಯನ್ನು ಮುಖಕ್ಕೆ ಸವರುವುದು,
ಬೆವರು ಒರೆಸಿಕೊಂಡ ಹಾಗೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ಈ ನೆಲ ತಿಂದಷ್ಟು ಉಪ್ಪು ಯಾರು ತಿಂದಾರು?
ಎಲ್ಲಿ, ನೀರೆಲ್ಲಿ?

ಪಕ್ಕದ ಮನೆಯ ಬಿಬಿಖಾನ್ ಬಾಗಿಲು ತಟ್ಟಲಿಲ್ಲ, ನೂಕಿದಳು.
ಮೀನಿನ ಕಾರ್ಖಾನೆಯ ಕತ್ತಿಗೆ
ತೋರುಬೆರಳಿನ ಅರ್ಧ ಕೊಟ್ಟವಳು.
"ಲಾರಿಯಲ್ಲಿ ಒಂದು ಜಾಗ ಖಾಲಿ ಇದೆ.
ನಿನಗೆ ಎಣಿಸೋದಕ್ಕೆ ಬರುತ್ತದಲ್ಲ?"
"ಬರುತ್ತದೆ."
"ಅಷ್ಟು ಸಾಕು. ಟೋಪಿ ಹಾಕ್ಕೋ."

ಸಮುದ್ರದ ತಳದಲ್ಲಿ ಮೂರು ಗಂಟೆ ಲಾರಿ ಓಡಿತು.
ಚಕ್ರದಡಿಯಲ್ಲಿ ಚಿಪ್ಪುಗಳು
ಹಪ್ಪಳದಂತೆ ಮುರಿಯುತ್ತಿದ್ದವು.
ಇಲ್ಲಿ ನನ್ನ ಅಪ್ಪ ಬಲೆ ಬೀಸುತ್ತಿದ್ದ,
ನನ್ನ ತಲೆಗಿಂತ ಇಪ್ಪತ್ತು ಮಾರು ಎತ್ತರದಲ್ಲಿ.
ಟ್ರ್ಯಾಕ್ಟರು ಸಾಲು ಸೀಳಿತು.
ಸಕ್ಸಾವುಲ್ ಸಸಿಗಳು: ಪೆನ್ಸಿಲಿನಷ್ಟು ದಪ್ಪ,
ಎಲೆಯಿಲ್ಲ, ಚೆಲುವಿಲ್ಲ,
ಸವೆದ ಪೊರಕೆಯಿಂದ ಕಿತ್ತ ಕಡ್ಡಿಯಂಥವು.

"ನೀರು?" ಎಂದೆ.
"ಅವನು ಕೊಟ್ಟಷ್ಟು."
"ಎಷ್ಟು ಉಳಿಯುತ್ತವೆ?"
"ವರ್ಷ ಚೆನ್ನಾಗಿದ್ದರೆ ಹತ್ತರಲ್ಲಿ ನಾಲ್ಕು."
"ಮಿಕ್ಕ ಆರು?"
ಅವಳು ಸೊಂಟ ನೆಟ್ಟಗೆ ಮಾಡಿಕೊಂಡು
ನನ್ನನ್ನು ಮೊದಲ ಸಲ ಎಂಬಂತೆ ನೋಡಿದಳು.
"ಅವನ್ನೂ ಇಷ್ಟೇ ಆಳಕ್ಕೆ ನೆಡಬೇಕು, ಮೇಷ್ಟ್ರೇ.
ಯಾವುದು ಯಾವುದೆಂದು ನಿನಗೆ ಗೊತ್ತೋ?"

ಗೊತ್ತಿರಲಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಗೊತ್ತಿಲ್ಲದ್ದು ಹಗುರವೆನಿಸಿತು.

ಆ ಚಳಿಗಾಲ ನೆಟ್ಟೆವು. ಗಾಳಿ ಕಿತ್ತಿತು.
ಉಪ್ಪಿನ ಧೂಳು ಹಲ್ಲಿನ ಸಂದಿಗೆ, ರೊಟ್ಟಿಯ ಮಡಿಕೆಗೆ, ಕನಸಿಗೆ.
ಕೈ ಬಿರಿಯಿತು.
ಬಿರಿದ ಕೈಗೆ ಬಿಬಿಖಾನ್ ಕುರಿಯ ಕೊಬ್ಬು ಹಚ್ಚಿ
"ಸೀಮೆಸುಣ್ಣದ ಕೈ!" ಎಂದು ನಕ್ಕಳು.
ಒಂದು ಮಧ್ಯಾಹ್ನ ನಾನೂ ನಕ್ಕೆನಂತೆ.
ಹೆಂಡತಿಗೆ ಯಾರೋ ಹೇಳಿದರು; ಅವಳು ನಂಬಲಿಲ್ಲ.

ಮರುವಸಂತ ಎಣಿಸಲು ಹೋದೆವು.
ನನ್ನ ಕೈಯಲ್ಲಿ ಪುಸ್ತಕ, ಕಿವಿಯ ಹಿಂದೆ ಸೀಸದ ಕಡ್ಡಿ.
ಸತ್ತದ್ದು, ಸತ್ತದ್ದು, ಇದೆ. ಸತ್ತದ್ದು,
ಇದೆ, ಸತ್ತದ್ದು, ಸತ್ತದ್ದು.
ಇದೆ.
ಒಂಬತ್ತನೆಯದೂ ಸತ್ತದ್ದು.
ಹತ್ತನೆಯದಕ್ಕೆ ಅಡ್ಡಗೆರೆ ಎಳೆಯಲಿದ್ದೆ.
"ತಡಿ," ಎಂದು ಕುಕ್ಕರಗಾಲಲ್ಲಿ ಕೂತು
ಹೆಬ್ಬೆರಳಿನ ಉಗುರಿನಿಂದ ಬೂದು ತೊಗಟೆ ಕೆರೆದಳು,
ಮಲಗಿದ ಮಗುವಿನ ಕಿವಿ ಮುಟ್ಟುವಷ್ಟು ಮೆತ್ತಗೆ.
ಎಳ್ಳಿನಷ್ಟು ಹಸಿರು.
ಇತ್ತೋ, ಕಣ್ಣಿನ ನೀರಿಗೆ ಹಾಗೆ ಕಂಡಿತೋ.

"ಇದನ್ನು ಏನೆಂದು ಬರೆಯಲಿ?"
"ಅರ್ಧ ಅಂತ ಬರಿ."
"ಲೆಕ್ಕದಲ್ಲಿ ಅರ್ಧ ಗಿಡ ಇರುವುದಿಲ್ಲ, ಬಿಬಿಖಾನ್."
"ಬರಿ, ಬರಿ. ಮೇಲೆ ಗೇಣುದ್ದ ಕಾಣದಿದ್ದರೂ
ಕೆಳಗೆ ಆಳುದ್ದ ಇಳಿದಿರುತ್ತದೆ, ಹಟಮಾರಿ ಜಾತಿ."

ಬರೆದೆ: ಮೂರೂವರೆ.
ಕಚೇರಿಯ ಹುಡುಗ ಪುಸ್ತಕ ನೋಡಿ ಹುಬ್ಬೇರಿಸಿದ,
ತಿದ್ದಲೇ ಎಂದ.
ಬೇಡ ಎಂದೆ. ನನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ.

ಆ ರಾತ್ರಿ ಚಹಾ ಬಿಸಿಯಿದ್ದಾಗಲೇ ಕುಡಿದೆ.
ಹೆಂಡತಿ ಬಟ್ಟಲನ್ನೇ ನೋಡುತ್ತ ನಿಂತಿದ್ದಳು.
ಆಮೇಲೆ ಅಂಗಳಕ್ಕೆ ಹೋಗಿ, ಯಾರೂ ಕಾಣದಾಗ,
ಮುಂಗೈಯನ್ನು ಉಗುರಿನಿಂದ ಮೆಲ್ಲಗೆ ಕೆರೆದುಕೊಂಡೆ.
ಮೊದಲು ಬಿಳಿ ಗೆರೆ.
ಕಾದೆ.