ಗುರುವಾರ, ನಾಲ್ಕೂವರೆ

ಕಂಕನಾಡಿಯ ಬೇಕರಿಯ ಮೇಲಂತಸ್ತು.
ಎಂಟು ಪ್ಲಾಸ್ಟಿಕ್ ಕುರ್ಚಿ, ನನ್ನದೂ ಸೇರಿ ಒಂಬತ್ತು.
ಕೆಳಗೆ ಬನ್ನು ಉಬ್ಬುವ ವಾಸನೆ,
ಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಮೊದಮೊದಲು ಎಲ್ಲರೂ ನನ್ನ ಮುಖವನ್ನೇ ನೋಡಿದರು,
ಬಸ್ಸು ಬರುವ ದಿಕ್ಕು ನೋಡುವ ಹಾಗೆ.
'ನೀವೇ ಏನಾದರೂ ಹೇಳಿ ಮೇಡಂ,' ಎಂದರು ಹಿಲರಿ ಪಿರೇರಾ,
ಮೂವತ್ತು ವರ್ಷ ಬಂದರಿನ ಕ್ರೇನು ನಡೆಸಿದವರು,
ಒಂದು ಮಾತು ಎತ್ತಲು ಕೈ ನಡುಗುತ್ತಿತ್ತು.
ನಾನು ಹೇಳಲಿಲ್ಲ.
ಹೇಳಬಾರದೆಂದು ಕಲಿತು ಬಂದವಳು.

ಆಮೇಲೊಂದು ವಾರ
ಬೀಡಿ ಬ್ರಾಂಚಿನ ಜಲಜಾಕ್ಷಿ, ಎಲ್‌ಐಸಿಯ ಉಪೇಂದ್ರ ಪೈ
ತಮ್ಮತಮ್ಮಲ್ಲೇ ಪಿಸುಗುಟ್ಟಿ ನಕ್ಕರು.
ಉಳಿದವರು ದನಿ ತಗ್ಗಿಸಿದರು.
ಆ ಇಬ್ಬರ ನಡುವೆ ಏನೋ ಹುಟ್ಟಲಿದೆ,
ಹುಟ್ಟಿದ್ದು ನಮ್ಮನ್ನೆಲ್ಲ ಎತ್ತಿಕೊಳ್ಳಲಿದೆ ಎಂಬಂತೆ
ತೊಟ್ಟಿಲು ಕಟ್ಟಿ ಕಾದರು.
ಏನೂ ಹುಟ್ಟಲಿಲ್ಲ. ನಗು ಹಳಸಿತು.

ಆಗ ಸಿಕ್ಕಿದವನು ಮೋನಪ್ಪ ಕರ್ಕೇರ.
ಧಕ್ಕೆಯ ಐಸ್ ಪ್ಲಾಂಟಿನಿಂದ ನೇರ ಬರುವವನು,
ದಿನಾ ಹತ್ತು ನಿಮಿಷ ತಡ.
ಅವ ಬಂದರೆ ಮಾತು ಹೆಪ್ಪುಗಟ್ಟುತ್ತದೆ, ಅಂದಳು ಜಲಜಾಕ್ಷಿ.
ಅವನಿಗೆಷ್ಟು ಸಿಟ್ಟುಂಟು ನೋಡಿ, ಅಂದಳು ರುಖಿಯಾ,
ಗಂಡನ ಹೆಸರು ಬಂದಾಗೆಲ್ಲ
ಮುರಿಯುವಷ್ಟು ಬಳೆ ತಿರುಗಿಸುವವಳು.
ನಾಚಿಕೆಯೇ ಇಲ್ಲ, ಅಂದರು ಪೈಗಳು,
ನೆಲ ನೋಡುತ್ತ.
ಒಬ್ಬೊಬ್ಬರೂ ಮನೆಯ ಕಸ ಚೀಲ ಕಟ್ಟಿ ತಂದು
ಅವನ ಮಡಿಲಿಗೆ ಹಾಕಿದರು.
'ಆಯ್ತು ಮಾರಾಯ್ರೆ,' ಎಂದು ಹೊತ್ತುಕೊಂಡ.
ಕೋಣೆ ಹಗುರಾಯಿತು.
ಹೇಳಿಬಿಡುತ್ತೇನೆ, ನನಗೂ ಹಗುರಾಯಿತು.

ಹೋದ ಗುರುವಾರ ಅವನಿಲ್ಲ.
ಫೋನು ಸ್ವಿಚ್ ಆಫ್.
ಐದು ನಿಮಿಷ ಎಲ್ಲರೂ ಚೆನ್ನಾಗಿ ಉಸಿರಾಡಿದರು.
ಆರನೆಯದಕ್ಕೆ ರುಖಿಯಾಳ ಕೈ ಬಳೆಯ ಮೇಲೆ ಹೋಯಿತು.
ಪೈಗಳ ಮುಖ ಕೆಂಪಾಯಿತು,
ಯಾರೂ ಏನೂ ಕೇಳಿರಲಿಲ್ಲ.
ಐದು ತಿಂಗಳಿಂದ ಮಾತಾಡದ ವೀಡಾ
ಕಿಟಕಿ ಮುಚ್ಚಿದಳು, ಮತ್ತೆ ತೆರೆದಳು.
ಹಿಲರಿಯವರೆದ್ದು
ಅವನ ಕುರ್ಚಿಯನ್ನು ಗೋಡೆಗೆ ಸರಿಸಿದರು,
ಸ್ವಲ್ಪ ಹೊತ್ತು ನಿಂತು
ತಾವೇ ಎತ್ತಿ ತಂದು ಇದ್ದಲ್ಲೇ ಇಟ್ಟರು,
ಹಡಗಿನಿಂದ ಗಾಜಿನ ಪೆಟ್ಟಿಗೆ ಇಳಿಸುವಂತೆ.
'ಅವ ಹೊತ್ತುಕೊಂಡು ಹೋದದ್ದರಲ್ಲಿ
ನನ್ನದೂ ಒಂದುಂಟು,' ಎಂದರು.
'ಅದು ವಾಪಸ್ ಬೇಕಿತ್ತು.'

ಯಾರೂ ನನ್ನ ಮುಖ ನೋಡಲಿಲ್ಲ,
ಇದೇ ಮೊದಲು.
ಕೆಳಗೆ ಯಾರೋ ಒಲೆಯ ಬಾಗಿಲು ತೆಗೆದರು, ಬಿಸಿ ಮೇಲೆ ಬಂತು.
ಕಲಿತದ್ದನ್ನು ಬಿಟ್ಟು
ನಾನೂ ಬಾಯಿ ತೆರೆದೆ.
'ನನ್ನದೂ,' ಅಂದೆ.