ಪಕ್ಕದ ಮೇಜು

ಡಂಡೀ ಪೇಟೆಯ ಮಾಲಿನೊಳಗೆ, ಶನಿವಾರ,
ಬೂಟಿನ ಅಂಗಡಿಗೂ ಎಸ್ಕಲೇಟರಿಗೂ ನಡುವೆ
ವಿಶ್ವವಿದ್ಯಾಲಯ ಎರಡು ಮೇಜು ಹಾಕಿತ್ತು.
ಒಂದು ಮಾನವಶಾಸ್ತ್ರದ್ದು. ಇನ್ನೊಂದು ನಮ್ಮದು, ಸಮಾಜಕಾರ್ಯ.
ಬಾಡಿಗೆ ಉಳಿಯಲೆಂದು ಇಬ್ಬರಿಗೂ ಒಂದೇ ಪರದೆ:
‘ಬನ್ನಿ, ಕೇಳಿ, ಮುಟ್ಟಿ ನೋಡಿ.’

ಮುಟ್ಟಲು ನಮ್ಮಲ್ಲೇನಿತ್ತು?
ಮಡಚಿದ ಕರಪತ್ರ, ಬಟ್ಟಲು ತುಂಬ ಪೆಪ್ಪರಮಿಂಟು,
ಸಹಾಯವಾಣಿಯ ನಂಬರು ಅಚ್ಚಾದ ಇನ್ನೂರು ನೀಲಿ ಪೆನ್ನು.
ಅವರಲ್ಲಿ ತಲೆಬುರುಡೆ.
ತಲೆಬುರುಡೆಯೆದುರು ಯಾವ ಪೆಪ್ಪರಮಿಂಟು ನಿಂತೀತು?

ಹನ್ನೊಂದಕ್ಕೇ ಸಾಲು. ಕೂಸಿನ ತಳ್ಳುಗಾಡಿ, ನೆನೆದ ಕೋಟು,
ಬಿಸಿ ಪೈ ಊದಿಕೊಂಡು ತಿನ್ನುತ್ತ ಬಂದ ಹುಡುಗರು.
ಇಶ್ಬೆಲ್ ಒಂದು ದವಡೆ ಎತ್ತಿ
‘ಈತನಿಗೆ ಹಲ್ಲುನೋವಿತ್ತು’ ಎಂದರೆ
ಇಡೀ ಸಾಲು ತನ್ನ ಕೆನ್ನೆ ಹಿಡಿದುಕೊಳ್ಳುತ್ತಿತ್ತು.
ನಾನೂ ರೋರಿಯೂ ಪೆನ್ನು ಜೋಡಿಸಿದೆವು,
ಕೆಡಿಸಿದೆವು, ಮತ್ತೆ ಜೋಡಿಸಿದೆವು.
ನಮ್ಮತ್ತ ಬಂದವರು ಇಬ್ಬರು.
ಶೌಚಾಲಯ ಎಲ್ಲಿ ಎಂದರು ಒಬ್ಬರು.
ನೀವು ಮಕ್ಕಳನ್ನು ಎತ್ತಿಕೊಂಡು ಹೋಗುವವರಲ್ಲವೇ ಎಂದರು ಇನ್ನೊಬ್ಬರು.
ಅಲ್ಲ ಎಂದೆ.
ಪೂರ್ತಿ ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ.

‘ಇದು ನಿಜವಾದ್ದಾ?’
ಎದೆಗೆ ಲಕ್ಲನ್ ಎಂಬ ಚೀಟಿ ಅಂಟಿಸಿಕೊಂಡ ಏಳರ ಪೋರ
ಎಲುಬೊಂದನ್ನು ಕತ್ತಿಯಂತೆ ಝಳಪಿಸಿ ಕೇಳಿದ.
‘ಎಲುಬು ನಕಲು, ರಾಳದಲ್ಲಿ ಎರಕ ಹೊಯ್ದದ್ದು.
ಮುರಿತ ಮಾತ್ರ ಅಸಲು.’
ಮೊಣಕೈಯಿಂದ ಮಣಿಕಟ್ಟಿನವರೆಗೆ,
ಮೊಳಕ್ಕೂ ಕಡಿಮೆ ಮೂಳೆ.
ಕೆಳಗಡೆ ಉಬ್ಬು,
ಹರಿದ ಹಗ್ಗಕ್ಕೆ ಕತ್ತಲಲ್ಲಿ ಗಂಟು ಹಾಕಿದಂತೆ.

ಇಶ್ಬೆಲ್ ಎಡಗೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು:
‘ಹೊಡೆತ ಬರುವಾಗ ಎಲ್ಲರೂ ಹೀಗೇ ಮಾಡುತ್ತೇವೆ.
ಮೊದಲು ಸಿಗುವುದು ಇದು.’
ಮಕ್ಕಳೆಲ್ಲ ಕೈ ಎತ್ತಿದರು. ನಗು.

ನಗುವಿನ ಹಿಂದೆ ಒಬ್ಬ ಹೆಂಗಸು,
ಎದುರಿನ ಬೇಕರಿಯ ಏಪ್ರನ್ನು, ಊಟದ ಬಿಡುವು,
ತೋಳಿಗೆ ಹಿಟ್ಟು.
‘ಎಡಗೈಯೇ ಯಾಕೆ?’
‘ಹೊಡೆಯುವವರು ಹೆಚ್ಚಾಗಿ ಬಲಗೈಯವರು.’
‘ಮೆಟ್ಟಿಲಿಂದ ಬಿದ್ದರೂ ಮುರಿಯುತ್ತದಲ್ಲ?’
‘ಮುರಿಯುತ್ತದೆ. ಹೇಗೆ ಎಂದು ಮೂಳೆ ಅಷ್ಟಿಷ್ಟು ಹೇಳುತ್ತದೆ.
ಯಾರು ಎಂದು ಹೇಳುವುದಿಲ್ಲ.’
‘ಎಷ್ಟು ದಿನ ಇರುತ್ತದೆ, ಆ ಗಂಟು?’
‘ಇವಳದ್ದು ನಾನೂರು ವರ್ಷದಿಂದ ಇದೆ.’
‘ಇವಳದ್ದು,’ ಎಂದಳು ಆಕೆ.
ಅಲ್ಲಿಯವರೆಗೂ ನಾವೆಲ್ಲ ಅದನ್ನು
ಇದು ಎನ್ನುತ್ತಿದ್ದೆವು.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಮುಂಗೈಯೊಳಗೆ ಮಾಯ್ದು ಕೂತದ್ದಕ್ಕೆ?
ಆಕೆ ತನ್ನ ಕೈಯನ್ನು ಆ ಮೂಳೆಯ ಪಕ್ಕ ಇಟ್ಟಳು,
ಮುಟ್ಟಲಿಲ್ಲ.
ತೆಗೆದಾಗ ಕಪ್ಪು ಬಟ್ಟೆಯ ಮೇಲೆ
ಹಿಟ್ಟಿನ ಗೆರೆ ಉಳಿಯಿತು.

ಆಮೇಲೆ ಎರಡು ಹೆಜ್ಜೆ, ನಮ್ಮ ಮೇಜು.
ಕರಪತ್ರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.
‘ಈ ಪೆನ್ನು ಬರೆಯುತ್ತವಾ?’
ಮೊದಲ ವರ್ಷ ಪೂರ್ತಿ ಕಲಿತಿದ್ದೆ:
ಹೇಗೆ ಕೇಳಬೇಕು, ಎಲ್ಲಿ ಸುಮ್ಮನಿರಬೇಕು,
ಕತ್ತು ಎಷ್ಟು ಓರೆ ಮಾಡಬೇಕು.
ಒಂದೂ ಕೈಗೆ ಸಿಗಲಿಲ್ಲ.
‘ಬರೆಯುತ್ತವೆ. ಬೇಕಾದಷ್ಟು ತಗೊಳ್ಳಿ,’ ಎಂದೆ,
ತರಕಾರಿ ಮಾರುವವಳ ಹಾಗೆ.
ರಸೀದಿಯೊಂದರ ಬೆನ್ನಿಗೆ ಸುಳಿ ಗೀಚಿ ನೋಡಿದಳು.
ಮೂರು ತೆಗೆದುಕೊಂಡಳು:
ಒಂದು ಏಪ್ರನ್ನಿನ ಜೇಬಿಗೆ, ಒಂದು ಕೂದಲ ಗಂಟಿಗೆ,
ಇನ್ನೊಂದು, ಆಚೀಚೆ ನೋಡಿ,
ಬೂಟಿನೊಳಗೆ.

ಐದಕ್ಕೆ ಮೇಜು ಮಡಚಿದೆವು.
ತಲುಪಿದ ಜನ ಎಷ್ಟು, ಎಂದು ಕೇಳಿತು ವಿಶ್ವವಿದ್ಯಾಲಯದ ಫಾರಮ್ಮು.
ಅವರು ನಾನೂರ ಹನ್ನೆರಡು. ನಾವು ಒಂಬತ್ತು,
ಶೌಚಾಲಯ ಕೇಳಿದವರೂ ಸೇರಿ.
‘ಪ್ರಭಾವ ಆಗಿದ್ದರೆ ಉದಾಹರಣೆ ಕೊಡಿ.’
ರೋರಿ ನನ್ನ ಮುಖ ನೋಡಿದ.
ಖಾಲಿ ಬಿಡು ಎಂದೆ.

ಇಶ್ಬೆಲ್ ಎಲುಬನ್ನು ಸ್ಪಂಜಿನ ಗುಳಿಯಲ್ಲಿ
ಮಗು ಮಲಗಿಸಿದಂತೆ ಮಲಗಿಸುತ್ತಿದ್ದಳು.
ಹೊರಗೆ ಟೇ ನದಿಯ ಗಾಳಿ, ಸೀಗಲ್ಲುಗಳ ಕಿರುಚು.
ಬೇಕರಿಯ ಗಾಜಿನಾಚೆ ಆಕೆ
ಉಳಿದ ಬನ್ನುಗಳಿಗೆ ಅರ್ಧ ಬೆಲೆ ಬರೆಯುತ್ತಿದ್ದಳು,
ನೀಲಿ ಪೆನ್ನು,
ನಂಬರು ಬೆರಳ ಸಂದಿಯಲ್ಲಿ ಕಾಣುತ್ತ, ಮರೆಯಾಗುತ್ತ.
ಚೀಟಿ ಜಾರದ ಹಾಗೆ ಎಡಗೈ
ಅದನ್ನು ಒತ್ತಿ ಹಿಡಿದಿತ್ತು.