ಉಸಿರು ಬಿಟ್ಟ ಜಾಗ

ಕ್ರಾಚೆಯ ಪೇಟೆಬೀದಿಯಲ್ಲಿ ನನ್ನದೊಂದು ಸ್ಟುಡಿಯೊ.
ಮದುವೆ, ಗುರುತಿನ ಚೀಟಿ, ತೀರಿಕೊಂಡವರ ದೊಡ್ಡ ಪಟ.
ಹನ್ನೊಂದು ವರ್ಷ ಆಡಿದ್ದು ಎರಡೇ ಮಾತು:
ಗದ್ದ ಸ್ವಲ್ಪ ಮೇಲೆ. ಈಗ ನಗಿ.

ಮೆಕಾಂಗ್ ಹೊಳೆಗೆ ಹಾಗೆ ಹೇಳಲು ಬರುವುದಿಲ್ಲ.

ಸಮೋಯೆನ್ ಮಾವನ ದೋಣಿಯಲ್ಲಿ ಮೊದಲ ದಿನ
ಇನ್ನೂರ ಹನ್ನೆರಡು ಚಿತ್ರ ತೆಗೆದೆ.
ಇನ್ನೂರ ಹನ್ನೆರಡರಲ್ಲೂ ನೀರು.
ಡಾಲ್ಫಿನ್ ಆಗಷ್ಟೇ ಇದ್ದು ಹೋದ ನೀರು,
ಎದ್ದು ಹೋದವರ ಚಾಪೆಯ ಹಾಗೆ
ಇನ್ನೂ ಸುಕ್ಕು ಬಿಡಿಸಿಕೊಳ್ಳುತ್ತಿದ್ದ ನೀರು.

ಮಾವ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟ:
"ಕಣ್ಣಿಂದ ಹುಡುಕ್ತೀಯ ಕುಂಥಿಯಾ, ತಡ ಆಗತ್ತೆ.
ಕಿವಿ ಇಡು."

ಇಂಜಿನ್ ಆರಿದ ಮೇಲೆ ಉಳಿಯುವ ಸದ್ದಿಲ್ಲದ ಸದ್ದಿನಲ್ಲಿ
ಫುಸ್ಸ್...
ಊದುಗೊಳವೆ ಹಿಡಿದು ಯಾರೋ ಒಲೆ ಊದಿದ ಹಾಗೆ.
ತಿರುಗುವುದಕ್ಕೆ ಅರ್ಧ ಸೆಕೆಂಡು.
ಒದ್ದೆ ಬೂದುಬಣ್ಣದ ಬೆನ್ನು, ಗೇಣುದ್ದದ ರೆಕ್ಕೆ,
ರೆಕ್ಕೆಯ ಅಂಚಿನಲ್ಲೊಂದು ಕಚ್ಚು.

ಮುಖ ನೋಡಿ ಗುರುತಿಸುವುದಲ್ಲ ಇವನ್ನು.
ಗಾಯ ನೋಡಿ.
ಹಗ್ಗ ಕೊರೆದ ಗೀಟು, ಪಂಕ ತಿಂದ ಮೂಲೆ:
ನಮ್ಮ ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಸಂಖ್ಯೆ.
ಇನ್ನೂ ಗಾಯವಾಗದ ಮರಿಗೆ
ಸಂಖ್ಯೆಯೂ ಇಲ್ಲ.

ಹದಿನೇಳನೆಯವಳು, ಮುಕ್ಕಾದ ತಟ್ಟೆಯಂಥ ರೆಕ್ಕೆಯವಳು,
ನಾಲ್ಕು ಬೇಸಿಗೆ ನನಗೆ ಬೆನ್ನನ್ನಷ್ಟೇ ತೋರಿಸಿದಳು.
ಐದನೆಯ ಬೇಸಿಗೆ ಅವಳ ಪಕ್ಕದಲ್ಲಿ
ಇನ್ನೊಂದು, ಪುಟ್ಟ ಫುಸ್ಸ್.
ಕ್ಲಿಕ್ಕಿಸಿ ಕೂಗಿದೆ: "ಸೆರೆಹಿಡಿದೆ ಮಾವ!"
ಮಾವ ಹುಬ್ಬು ಗಂಟಿಕ್ಕಿದ.
"ಆ ಮಾತು ಬೇಡ. ಈ ಹೊಳೆಯಲ್ಲಿ ಅದಕ್ಕೆ ಒಂದೇ ಅರ್ಥ."
ಅವನೂ ಒಂದು ಕಾಲಕ್ಕೆ ಬಲೆ ಬಿಟ್ಟವನೇ.

ಮೂರು ವಾರಕ್ಕೆ ಮರಳದಿಬ್ಬದ ಮೇಲೆ ಸಿಕ್ಕಿತು.
ಬಾಲದ ಬುಡದಲ್ಲಿ ನೈಲಾನ್ ಎಳೆ,
ಉಂಗುರ ಬಿಗಿಯಾದ ಬೆರಳಿನಂತೆ ಉಬ್ಬಿದ ಚರ್ಮ.
ಅಳತೆಗೆಂದು ಮಾವ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ.
ಎರಡೂವರೆ ಚಪ್ಪಲಿ ಉದ್ದ.
ಚಿತ್ರ ತೆಗೆದೆ. ಏನೂ ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಮರಳಿನ ಕಂಪನಿ ಬಂತು, ಮಡುವಿನ ತಳ ಬಗೆಯಲು.
ಜಿಲ್ಲಾ ಸಭಾಂಗಣ. ಪ್ಲಾಸ್ಟಿಕ್ ಕುರ್ಚಿ, ತಲೆಗೊಂದು ನೀರಿನ ಬಾಟಲಿ.
ಇಸ್ತ್ರಿ ಮಾಸದ ಅಂಗಿಯ ಹುಡುಗ
ಕ್ಯಾಲೆಂಡರಿಗೆಂದು ನಾನೇ ಮಾರಿದ್ದ ಚಿತ್ರವನ್ನು
ಗೋಡೆಯಷ್ಟು ದೊಡ್ಡದು ಮಾಡಿದ:
"ನೋಡಿ, ನಗ್ತಾ ಇವೆ. ಅವಕ್ಕೇ ಇಲ್ಲದ ಚಿಂತೆ ನಮಗ್ಯಾಕೆ?"
ಸಭೆ ನಕ್ಕಿತು. ನನ್ನ ಅಣ್ಣನೂ.

ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ.
ಬಾಯಿ ಇವಕ್ಕೂ ಇದೆ; ಅದರ ಆಕಾರವೇ ಸಾಕ್ಷಿ ಹೇಳುತ್ತಿದೆ
ಅವುಗಳ ವಿರುದ್ಧ.

ಎದ್ದೆ. ಮೈಕು ಕಿರುಚಿತು.
ಬೇರೆಯವರ ಮುಖದ ಮೇಲೆ ಬೆಳಕು ಬಿಟ್ಟೇ ಬದುಕಿದವಳು ನಾನು,
ನನ್ನ ಮೇಲೆ ಬಿದ್ದದ್ದು ಅದೇ ಮೊದಲು.
"ನಗಿಸಿ ಹೊಟ್ಟೆ ಹೊರೆಯೋಳು ನಾನು,
ನಗು ಯಾವುದು ಅಂತ ಗೊತ್ತು. ಅದು ನಗು ಅಲ್ಲ.
ದವಡೆ. ಹುಟ್ಟುವಾಗಲೇ ಹಾಗೆ."
ಚಪ್ಪಲಿಯ ಚಿತ್ರ ಹಾಕಿದೆ.
ಚಪ್ಪಲಿಯ ಪಕ್ಕದ ಮರಿಯೂ
ಹಾಗೆಯೇ ನಗುತ್ತಿತ್ತು.

ಫ್ಯಾನು ತಿರುಗುವುದು ಕೇಳಿಸಿತು.
ಹಿಂದಿನ ಸಾಲಿನಿಂದ ಮೀನು ಮಾರುವ ಫಲ್ಲಾ ಎದ್ದಳು:
"ನನ್ನ ಮಕ್ಕಳ ಖಾಲಿ ತಟ್ಟೆಯ ಫೋಟೋ ಯಾವಾಗ ತೆಗೀತೀಯ?"
ಅದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ.
ಬುಧವಾರ ಅವಳ ಮನೆಗೆ ಹೋಗಬೇಕು,
ಕ್ಯಾಮೆರಾ ಬಿಟ್ಟು.

ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ.
ಈಗ ಬೆಳಗಿನ ಐದೂವರೆ, ಮಡುವಿನ ನಡುಮಧ್ಯೆ.
ಮಾವ ಇಂಜಿನ್ ಆರಿಸಿದ,
ಅದೇ ಚಪ್ಪಲಿ ಬಿಚ್ಚಿ ದೋಣಿಯ ಮೂಲೆಗಿಟ್ಟ.
ಇಬ್ಬರೂ ಕಿವಿ ಇಟ್ಟಿದ್ದೇವೆ.